ತೊಂಬತ್ತರ ದಶಕದ ಪಾಡ್ರೆಸ್ ಮತ್ತು ನಮ್ಮ ಟೋನಿ ಗ್ವಿನ್

ಪ್ರಿಯ ಸದಸ್ಯರೇ,

ಬೇಸಿಗೆ ಬಂದರೆ ಸಾಕು, ನಮ್ಮ ಕೂಟದ ಪಿಕ್‌ನಿಕ್‌ನಲ್ಲಿ ಮಕ್ಕಳ ಬಾಯಲ್ಲಿ ನಮ್ಮೂರಿನ ಬೇಸ್‌ಬಾಲ್ ತಂಡ ಪಾಡ್ರೆಸ್‌ನ ಟಾಟಿಸ್, ಮಚಾಡೊ ಹೆಸರುಗಳೇ. ತುಂಬಾ ಸಂತೋಷ. ಆದರೆ ಟೋನಿ ಗ್ವಿನ್ ಗೊತ್ತಾ ಅಂತ ಕೇಳಿದರೆ, "ಸ್ಟೇಡಿಯಂನಲ್ಲಿ ಪ್ರತಿಮೆ ಇದೆಯಲ್ಲ, ಅವರಾ?" ಅನ್ನುತ್ತಾರೆ. 90ರ ದಶಕದಲ್ಲಿ ಸ್ಯಾನ್ ಡಿಯಾಗೋಗೆ ಬಂದವರಿಗೆ ಇದು ಕೇಳಿದಾಗ ಮನಸ್ಸಿಗೆ ಏನೋ ಒಂಥರಾ ಆಗುತ್ತೆ. ಹಾಗಾಗಿ ಈ ಸಲದ ಸಂಪಾದಕೀಯ ಆ ಕಾಲದ ಪಾಡ್ರೆಸ್ ಆಟಗಾರರಿಗೆ ಮೀಸಲು.

ಆಗ ನಮ್ಮಲ್ಲಿ ಹೆಚ್ಚಿನವರಿಗೆ ಬೇಸ್‌ಬಾಲ್‌ನ ತಲೆಬುಡ ಗೊತ್ತಿರಲಿಲ್ಲ. ಟಿವಿಯಲ್ಲಿ ಕ್ರಿಕೆಟ್ ಇಲ್ಲ, ಸ್ಕೋರ್ ತಿಳಿಯೋಕೆ ಊರಿಗೆ ಫೋನ್ ಮಾಡಬೇಕು, ಆ ಫೋನಿನ ಬಿಲ್ ನೋಡಿದರೆ ಎದೆ ಧಸಕ್ ಅನ್ನುತ್ತಿತ್ತು. ಕಾರಿನ ರೇಡಿಯೋದಲ್ಲಿ ಜೆರ್ರಿ ಕೋಲ್ಮನ್ ಅವರ ಕಾಮೆಂಟರಿ ಕೇಳುತ್ತಾ ಕೇಳುತ್ತಾ ಆಟ ಕಲಿತವರು ನಮ್ಮಲ್ಲಿ ಎಷ್ಟು ಜನ! ಮಿಷನ್ ವ್ಯಾಲಿಯ ಹಳೇ ಸ್ಟೇಡಿಯಂನಲ್ಲಿ ಎಷ್ಟೋ ಸಂಜೆ ಅರ್ಧಕ್ಕರ್ಧ ಸೀಟು ಖಾಲಿ. ಮೇಲಿನ ಸಾಲಿನಲ್ಲಿ ಆರಾಮಾಗಿ ಕೂತು, ಪಕ್ಕದಲ್ಲಿದ್ದ ಅಜ್ಜನನ್ನು ಅದೇನು ಇದೇನು ಅಂತ ಕೇಳಿಕೊಳ್ಳಬಹುದಿತ್ತು.

ಹಾಗೆ ಕಲಿಯುವವರಿಗೆ ಗ್ವಿನ್ ಅವರಿಗಿಂತ ಒಳ್ಳೆ ಮೇಷ್ಟ್ರು ಇರಲಿಲ್ಲ. ದಪ್ಪ ಮೈ, ಕೈಯಲ್ಲಿ ಉಳಿದವರದ್ದಕ್ಕಿಂತ ಚಿಕ್ಕ ಬ್ಯಾಟು. ಚೆಂಡನ್ನು ಗ್ಯಾಲರಿಗೆ ಎತ್ತಬೇಕು ಅನ್ನೋ ಆಸೆಯೇ ಅವರಿಗಿರಲಿಲ್ಲ. ಬೇಸ್‌ಬಾಲ್‌ನಲ್ಲಿ ಪ್ರತಿ ಫೀಲ್ಡರ್ ಜಾಗಕ್ಕೂ ಒಂದು ನಂಬರ್ ಇದೆ. ಥರ್ಡ್ ಬೇಸ್ 5, ಶಾರ್ಟ್‌ಸ್ಟಾಪ್ 6. ಎಡಗೈ ಬ್ಯಾಟರ್ ಆಗಿದ್ದ ಗ್ವಿನ್, ಚೆಂಡು ತೀರಾ ಹತ್ತಿರ ಬರೋವರೆಗೆ ಕಾದು, ಅವರಿಬ್ಬರ ನಡುವಿನ ಸಂದಿಯಲ್ಲಿ ನೆಲಕ್ಕೆ ಒತ್ತಿಕೊಂಡು ಹೋಗೋ ಹಾಗೆ ತಳ್ಳಿಬಿಡುತ್ತಿದ್ದರು. ಆ ಸಂದಿಗೆ ಅವರೇ '5.5' ಅಂತ ಹೆಸರಿಟ್ಟಿದ್ದರು. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರ ಲೇಟ್ ಕಟ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫೀಲ್ಡರ್ ಎಲ್ಲಿದ್ದಾನೆ ಅಂತ ಎಲ್ಲರಿಗೂ ಕಾಣುತ್ತೆ, ಎಲ್ಲಿಲ್ಲ ಅಂತ ಇವರಿಬ್ಬರಿಗೆ ಕಾಣುತ್ತಿತ್ತು.

ಇದು ಸುಮ್ನೆ ಬಂದ ಕಲೆ ಅಲ್ಲ. 1983ರಲ್ಲಿ, ವಿಡಿಯೋ ನೋಡಿ ಅಭ್ಯಾಸ ಮಾಡೋದು ಯಾರಿಗೂ ಹೊಳೆಯದಿದ್ದ ಕಾಲದಲ್ಲಿ, ಹೆಂಡತಿ ಅಲಿಷಿಯಾ ಅವರಿಗೆ ಹೇಳಿ ತಮ್ಮ ಆಟವನ್ನು ಟಿವಿಯಿಂದ ರೆಕಾರ್ಡ್ ಮಾಡಿಸಿಕೊಂಡರು. ಆಮೇಲೆ ಬೇರೆ ಊರಿಗೆ ಆಡಲು ಹೋದಾಗಲೂ ವಿಸಿಆರ್ ಜೊತೆಗೇ. ಆ ದಶಕದ ಅತಿ ಜಾಣ ಪಿಚರ್ (ಚೆಂಡು ಎಸೆಯುವವರು) ಅಂದರೆ ಅಟ್ಲಾಂಟಾದ ಗ್ರೆಗ್ ಮ್ಯಾಡಕ್ಸ್. 1992ರಿಂದ 1995ರವರೆಗೆ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಸತತ ನಾಲ್ಕು ಸಲ ಗೆದ್ದವರು. ಅಂಥವರ ಎದುರು ಗ್ವಿನ್ 107 ಸಲ ಬ್ಯಾಟ್ ಹಿಡಿದು ನಿಂತಿದ್ದಾರೆ. ಒಂದು ಸಲವೂ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಆಗಿಲ್ಲ. ಒಂದು ಸಲವೂ!

ಅವರ ಬಗ್ಗೆ ಜಾಸ್ತಿ ಹೊಟ್ಟೆ ಉರಿಯೋದು 1994 ನೆನೆದಾಗ. ಹಿಂದಿನ ವರ್ಷವಷ್ಟೇ ಪಾಡ್ರೆಸ್ ಮಾಲೀಕರು ಖರ್ಚು ಉಳಿಸಲು ಮೆಕ್‌ಗ್ರಿಫ್, ಶೆಫೀಲ್ಡ್ ಅಂಥ ಒಳ್ಳೊಳ್ಳೆ ಆಟಗಾರರನ್ನೆಲ್ಲ ಬಿಟ್ಟುಕೊಟ್ಟು, ತಂಡ 101 ಪಂದ್ಯ ಸೋತಿತ್ತು. ಗ್ವಿನ್ ಮಾತ್ರ ಕದಲಲಿಲ್ಲ. ಹತ್ತರಲ್ಲಿ ಮೂರು ಸಲ ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟೋದು) ಮಾಡಿದರೇ ದೊಡ್ಡ ಬ್ಯಾಟರ್ ಅನ್ನೋ ಆಟದಲ್ಲಿ 1994ರಲ್ಲಿ ಅವರ ಸರಾಸರಿ .394. 1941ರಲ್ಲಿ ಟೆಡ್ ವಿಲಿಯಮ್ಸ್ .406 ಹೊಡೆದ ಮೇಲೆ ಯಾರೂ .400 ಮುಟ್ಟಿರಲಿಲ್ಲ. ಇನ್ನು ಮೂರೇ ಮೂರು ಹಿಟ್ ಸಿಕ್ಕಿದ್ದರೆ ಇವರು ಅದನ್ನು ದಾಟುತ್ತಿದ್ದರು. ಆಗಸ್ಟ್ 12ಕ್ಕೆ ಆಟಗಾರರ ಮುಷ್ಕರ ಶುರುವಾಯಿತು. ಆ ವರ್ಷ ಮತ್ತೆ ಆಟವೇ ನಡೆಯಲಿಲ್ಲ, ಚಾಂಪಿಯನ್ ಯಾರು ಅಂತ ತೀರ್ಮಾನಿಸೋ ವರ್ಲ್ಡ್ ಸೀರೀಸ್ ಕೂಡ ರದ್ದು.

ಟ್ರೆವರ್ ಹಾಫ್‌ಮನ್ ಅವರ ಹೆಸರು ಹೇಳದಿದ್ದರೆ ನಮ್ಮ ಹಳೇ ಸದಸ್ಯರು ನನ್ನನ್ನು ಬಿಡೋದಿಲ್ಲ. ಆ 1993ರ ಅದಲುಬದಲಿನಲ್ಲಿ ಶೆಫೀಲ್ಡ್ ಕೊಟ್ಟು ತಂದ ಹುಡುಗ. ಅವತ್ತು ಇಡೀ ಊರು ಗೊಣಗಿತ್ತು. ಭುಜಕ್ಕೆ ಪೆಟ್ಟಾಗಿ ವೇಗ ಹೋದ ಮೇಲೆ, ನಿಧಾನವಾಗಿ ಬಂದು ಮೋಸ ಮಾಡೋ ಚೇಂಜಪ್ ಎಸೆತವನ್ನೇ ನಂಬಿಕೊಂಡು ಒಟ್ಟು 601 ಸೇವ್ (ತಂಡದ ಚಿಕ್ಕ ಮುನ್ನಡೆಯನ್ನು ಕೊನೆಯಲ್ಲಿ ಕಾಪಾಡಿ ಗೆಲ್ಲಿಸೋದು) ಮಾಡಿದರು. 1998ರಲ್ಲಿ ಕೊನೆಯ, ಅಂದರೆ ಒಂಬತ್ತನೇ ಇನಿಂಗ್ಸ್‌ಗೆ ಅವರು ಮೈದಾನಕ್ಕೆ ಇಳಿಯುವಾಗ ಸ್ಪೀಕರ್‌ನಲ್ಲಿ ಗಂಟೆ ಢಣ್ ಢಣ್ ಅಂತ ಬಾರಿಸುತ್ತಿತ್ತು. ಇಡೀ ಸ್ಟೇಡಿಯಂ ಎದ್ದು ನಿಲ್ಲುತ್ತಿತ್ತು.

ಆ ವರ್ಷ ದೇಶವೆಲ್ಲ ಮಾರ್ಕ್ ಮೆಕ್‌ಗ್ವಾಯರ್ 70, ಸ್ಯಾಮಿ ಸೋಸಾ 66 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ) ಅಂತ ಕುಣಿಯಿತು. 2010ರಲ್ಲಿ ಮೆಕ್‌ಗ್ವಾಯರ್ ತಾವು ಸ್ಟೀರಾಯ್ಡ್ ತಗೊಂಡಿದ್ದು ನಿಜ ಅಂದರು. ನಮ್ಮ ತಂಡದಲ್ಲೂ ಆ ನೋವಿದೆ. 1996ರಲ್ಲಿ ಎಂವಿಪಿ (ಲೀಗಿನ ಅತ್ಯುತ್ತಮ ಆಟಗಾರ) ಆಗಿದ್ದ ಕೆನ್ ಕ್ಯಾಮಿನಿಟಿ ತಾವೂ ತಗೊಂಡಿದ್ದಾಗಿ ಮುಂದೆ ತಾವಾಗಿಯೇ ಹೇಳಿಕೊಂಡರು, 2004ರಲ್ಲಿ ತೀರಿಕೊಂಡರು. ಆ ದಶಕ ಅಂದರೆ ಹೋಮ್ ರನ್ ದಶಕ ಅಂತ ಬರೆಯೋದನ್ನು ನಾನು ಒಪ್ಪೋದಿಲ್ಲ. ನನಗೆ ಅದು 5.5ರ ದಶಕ. 1998ರ ವರ್ಲ್ಡ್ ಸೀರೀಸ್‌ನಲ್ಲಿ ಯಾಂಕೀಸ್ ನಮ್ಮನ್ನು 4-0ಯಿಂದ ಸೋಲಿಸಿತು, ನಿಜ. ಆದರೆ 38ನೇ ವಯಸ್ಸಿನಲ್ಲಿ ಗ್ವಿನ್ 16ರಲ್ಲಿ 8 ಹಿಟ್ ಮಾಡಿದರು. ಕೊನೆಯ ಪಂದ್ಯ ಸೋತ ಮೇಲೂ ಜನ ಮನೆಗೆ ಹೋಗದೆ ನಿಂತು ಚಪ್ಪಾಳೆ ತಟ್ಟಿದರು. ಎರಡು ವಾರದಲ್ಲಿ ಬಂದ ಚುನಾವಣೆಯಲ್ಲಿ ಇದೇ ಊರು ಹೊಸ ಸ್ಟೇಡಿಯಂಗೆ ಓಟು ಹಾಕಿತು. ಈಗಿನ ಪೆಟ್ಕೋ ಪಾರ್ಕ್ ಅದೇ.

1999ರ ಜುಲೈ, ಬಾಸ್ಟನ್‌ನ ಆಲ್‌ಸ್ಟಾರ್ ಪಂದ್ಯ. ವಯಸ್ಸಾಗಿ ಬಳಲಿದ್ದ ಟೆಡ್ ವಿಲಿಯಮ್ಸ್ ಅವರನ್ನು ಪುಟ್ಟ ಗಾಡಿಯಲ್ಲಿ ಮೈದಾನಕ್ಕೆ ಕರೆತಂದರು. ಮೊದಲ ಎಸೆತ ಅವರದ್ದು. ಎದ್ದು ನಿಂತಾಗ ಅವರನ್ನು ಪಕ್ಕದಲ್ಲಿ ಹಿಡಿದುಕೊಂಡವರು ಗ್ವಿನ್. ವಿಲಿಯಮ್ಸ್ ಕೂಡ ಸ್ಯಾನ್ ಡಿಯಾಗೋದಲ್ಲೇ ಹುಟ್ಟಿದವರು ಅಲ್ವಾ! ಅದರ ಮುಂದಿನ ತಿಂಗಳೇ ಮಾಂಟ್ರಿಯಲ್‌ನಲ್ಲಿ, ತಾಯಿಯ ಹುಟ್ಟುಹಬ್ಬದ ದಿನ, ಗ್ವಿನ್ ಅವರ 3,000ನೇ ಹಿಟ್.

ಇಪ್ಪತ್ತು ವರ್ಷ ಒಂದೇ ತಂಡಕ್ಕೆ ಆಡಿ 2001ರಲ್ಲಿ ನಿವೃತ್ತರಾದರು. ಆಮೇಲೆ ತಾವು ಓದಿದ ಸ್ಯಾನ್ ಡಿಯಾಗೋ ಸ್ಟೇಟ್ ಯೂನಿವರ್ಸಿಟಿಯಲ್ಲೇ ಕೋಚ್ ಆಗಿ ಹುಡುಗರಿಗೆ ಕಲಿಸಿದರು. 2014ರ ಜೂನ್ 16ರಂದು ಲಾಲಾಗ್ರಂಥಿಯ ಕ್ಯಾನ್ಸರ್‌ನಿಂದ ಹೋದಾಗ ಬರೀ 54 ವರ್ಷ. ವರ್ಷಗಟ್ಟಲೆ ಅಗಿದ ತಂಬಾಕೇ ಕಾರಣ ಅಂತ ಅವರೇ ನಂಬಿದ್ದರು. 2016ರ ಕೊನೆಯಲ್ಲಿ ಲೀಗ್ ಮತ್ತು ಆಟಗಾರರ ಸಂಘ ಮಾಡಿಕೊಂಡ ಒಪ್ಪಂದದಲ್ಲಿ ಹೊಸ ಆಟಗಾರರು ಮೈದಾನದಲ್ಲಿ ಹೊಗೆಸೊಪ್ಪು ಅಗಿಯುವಂತಿಲ್ಲ ಅಂತ ನಿಯಮ ಬಂತು. ಅದು ಇನ್ನೂ ಬೇಗ ಬರಬೇಕಿತ್ತು.

ಮಿಷನ್ ವ್ಯಾಲಿಯ ಹಳೇ ಸ್ಟೇಡಿಯಂ ಈಗ ಇಲ್ಲ, ಕೆಡವಿದ್ದಾರೆ. ಅಲ್ಲಿ ತೆಗೆದ ಫೋಟೋ, ಎತ್ತಿಟ್ಟ ಟಿಕೆಟ್, ಸ್ಕೋರ್‌ಕಾರ್ಡ್ ಯಾರ ಹತ್ತಿರ ಇದ್ದರೂ ದಯವಿಟ್ಟು ಒಂದು ಕಾಪಿ ಕಳಿಸಿ. ಜೊತೆಗೆ ನಾಲ್ಕು ಸಾಲು ಬರೆದುಕೊಡಿ. ಮುಂದಿನ ಸಂಚಿಕೆಯ ಮಕ್ಕಳ ಪುಟವನ್ನು ಅದಕ್ಕೇ ಬಿಟ್ಟಿದ್ದೇನೆ.