ತಾತನ ಪೆಟ್ಟಿಗೆಯ ಪೇಪರ್ ಚೂರುಗಳು

ಮ್ಯಾಂಚೆಸ್ಟರ್

ಅಪ್ಪಾಜಿ, ಅವ್ವ, ಇಬ್ಬರಿಗೂ ನಮಸ್ಕಾರ.

ನಾವಿಲ್ಲಿ ಚೆನ್ನಾಗಿದ್ದೇವೆ. ಚಳಿ ಜಾಸ್ತಿ, ಅಷ್ಟೇ. ಮಿಕ್ಕಿದ್ದನ್ನೆಲ್ಲ ಫೋನಿನಲ್ಲಿ ಹೇಳಿದ್ದೇನೆ, ಈ ಕಾಗದ ಪೂರ್ತಿ ತಾತನ ಪೆಟ್ಟಿಗೆಯ ಬಗ್ಗೆ.

ತಂಗಿ ಕಳಿಸಿದ ಫೋಟೋಗಳನ್ನು ಒಂದೊಂದೇ ದೊಡ್ಡದು ಮಾಡಿ ಓದಿದೆ. ಪೇಪರಿನ ಹೆಸರೂ ಇಲ್ಲ, ತಾರೀಖೂ ಇಲ್ಲ, ಬರೀ ಸುದ್ದಿ ಕತ್ತರಿಸಿಟ್ಟಿದ್ದಾರೆ. ಆದರೆ ವರ್ಷದ ಗುರುತು ಸುದ್ದಿಯೊಳಗೇ ಸಿಗುತ್ತದೆ ಅಪ್ಪಾಜಿ. ಒಂದರಲ್ಲಿ ‘ಮೈಸೂರು ಜಿಲ್ಲೆ ಮಂಡ್ಯ ತಾಲ್ಲೂಕು’ ಅಂತಿದೆ. ನಮ್ಮ ಜಿಲ್ಲೆ ಮೈಸೂರಿನಿಂದ ಬೇರೆಯಾಗಿದ್ದು 1939ರ ಜುಲೈ 1ಕ್ಕೆ, ಹಾಗಾಗಿ ಆ ಚೂರು ಅದಕ್ಕೂ ಹಿಂದಿನದೇ ಇರಬೇಕು. ಆಗ ತಾತ ಇನ್ನೂ ಸಣ್ಣ ಹುಡುಗ ಅಲ್ವಾ? ಅಂದರೆ ಅದನ್ನು ಕತ್ತರಿಸಿಟ್ಟವರು ತಾತನ ಅಪ್ಪನೇ ಇರಬಹುದು. ಅವರಿಗೆ ಓದು ಬರುತ್ತಿತ್ತಾ? ಈ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿದ್ದು ನನಗೆ ನೆನಪಿಲ್ಲ.

ಇನ್ನೊಂದು ಚೂರಿನ ಅಂಚಿನಲ್ಲಿ ಅರ್ಧ ಜಾಹೀರಾತು ಉಳಿದಿದೆ, ಬೆಲೆ ನಯಾ ಪೈಸೆಯಲ್ಲಿದೆ. ಆಣೆ ಹೋಗಿ ನಯಾ ಪೈಸೆ ಬಂದಿದ್ದು 1957ರ ಏಪ್ರಿಲ್‌ನಲ್ಲಿ, 1964ಕ್ಕೆ ‘ನಯಾ’ ಬಿಟ್ಟು ಬರೀ ಪೈಸೆ ಆಯಿತು. ಆ ಏಳು ವರ್ಷದ ಒಳಗಿನ ಸುದ್ದಿ ಅದು. ಇದು ತಿಳಿದಿದ್ದು ಜಾಹೀರಾತಿನಿಂದ, ಸುದ್ದಿಯಿಂದ ಅಲ್ಲ. ಅದಕ್ಕೇ ಕೇಳುತ್ತಿದ್ದೇನೆ, ಪ್ರತಿ ಚೂರಿನ ಹಿಂಬದಿಯದ್ದೂ ಒಂದು ಫೋಟೋ ಬೇಕು. ಪುಸ್ತಕಕ್ಕೆ ಅಂಟಿಸಿಬಿಟ್ಟರೆ ಹಿಂದೆ ಏನಿತ್ತು ಅಂತ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಜಾಸ್ತಿ ಇರುವುದು ಕಬ್ಬು, ನೀರಿನ ಸುದ್ದಿ. ಮಂಡ್ಯದಲ್ಲಿ ಇನ್ನೇನಿರುತ್ತದೆ! ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ. ಹುಲಿಕೆರೆ ಸುರಂಗದಿಂದ ಇರ್ವಿನ್ ನಾಲೆಗೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಗೆ, ನೀರು ಬರುವ ತನಕ ಈ ಕಡೆಯ ಹೊಲಗಳಲ್ಲಿ ರಾಗಿಯೇ. ನೀರು ಬಂತು, ಕಬ್ಬು ಬಂತು, ಬೆಳೆದ ಕಬ್ಬನ್ನು ಅರೆಯಲು 1933ರಲ್ಲಿ ಮೈಷುಗರ್ ಸಕ್ಕರೆ ಕಂಪನಿ ಶುರುವಾಯಿತು. ಅದರ ಹಿಂದೆ ದುಡಿದವರು ಕೃಷಿ ಇಲಾಖೆಯ ಡೈರೆಕ್ಟರ್ ಆಗಿದ್ದ ಲೆಸ್ಲಿ ಕೋಲ್ಮನ್. ಕೆನಡಾದಿಂದ ಬಂದ ಮನುಷ್ಯ ನಮ್ಮೂರ ಬದುಕನ್ನೇ ಬದಲಾಯಿಸಿದ್ದಾರೆ, ನಾನು ಓದಿದ ಸ್ಕೂಲಿನಲ್ಲಿ ಅವರ ಹೆಸರನ್ನೇ ಹೇಳಲಿಲ್ಲ. ಇದು ನನಗೆ ನಿಜಕ್ಕೂ ಬೇಜಾರು.

ಶಿವಪುರದ ಚೂರನ್ನು ಮಾತ್ರ ಮತ್ತೆ ಮತ್ತೆ ಓದಿದೆ. ಅದು ಆಮೇಲೆ ಯಾವಾಗಲೋ ಬರೆದ ನೆನಪಿನ ಲೇಖನ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದಲ್ಲೇ ಜನ ಸೇರಿ ಸರ್ಕಾರದ ನಿಷೇಧ ಮೀರಿ ಕಾಂಗ್ರೆಸ್ಸಿನ ಬಾವುಟ ಹಾರಿಸಿದರು, ಮುಂದೆ ನಿಂತಿದ್ದ ಕಾಂಗ್ರೆಸ್ ಮುಖಂಡ ಟಿ. ಸಿದ್ದಲಿಂಗಯ್ಯನವರನ್ನು ಪೊಲೀಸರು ಹಿಡಿದುಕೊಂಡು ಹೋದರು. ಅದೇ ತಿಂಗಳು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ, ಹೀಗೇ ಬಾವುಟ ಹಾರಿಸಲು ಸೇರಿದವರ ಮೇಲೆ ಗೋಲಿಬಾರ್ ಆಯಿತು. ಮುಖಂಡರ ಹೆಸರೆಲ್ಲ ಲೇಖನದಲ್ಲಿದೆ. ಆದರೆ ಅಷ್ಟು ಜನಕ್ಕೆ ಅನ್ನ ಬೇಯಿಸಿದವರು ಯಾರು, ಯಾವ್ಯಾವ ಊರಿಂದ ಗಾಡಿ ಕಟ್ಟಿಕೊಂಡು ಬಂದರು, ಪೊಲೀಸರು ಬಂದಾಗ ಹೆಂಗಸರು ಏನು ಮಾಡಿದರು, ಇದು ಒಂದು ಸಾಲೂ ಇಲ್ಲ. ಮದ್ದೂರಿನ ದೊಡ್ಡಜ್ಜಿ ಅವರಪ್ಪ ಹೇಳಿದ್ದನ್ನು ಕೇಳಿಸಿಕೊಂಡು ಬೆಳೆದವರು. ಅವರು ಗಟ್ಟಿಯಾಗಿರುವಾಗಲೇ ಕೇಳಬೇಕು ಅವ್ವ, ಮುಂದಿನ ವರ್ಷ ನಾನು ಬಂದಾಗ ಕೇಳೋಣ ಅಂತ ಕಾಯಬೇಡಿ.

ಚೂರುಗಳಿಗೆ ಟೇಪ್ ಹಾಕಬೇಡಿ, ಕಲೆ ಕಟ್ಟುತ್ತದೆ. ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿಲು ತಾಕದ ಹಾಗೆ ಫೈಲಿನಲ್ಲಿ ಮಡಿಸದೆ ಇಡಿ. ಗೊತ್ತಿರುವುದನ್ನೆಲ್ಲ ಬೇರೆ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದು ಜೊತೆಗಿಡಿ ಅಪ್ಪಾಜಿ, ನಿಮ್ಮ ಅಕ್ಷರದಲ್ಲೇ ಇರಲಿ.

ಯುಗಾದಿಗೆ ತಂಗಿ ಮದ್ದೂರಿಗೆ ಹೋಗುತ್ತಾಳಲ್ಲ, ಶಿವಪುರದ ಚೂರನ್ನು ದೊಡ್ಡಜ್ಜಿಗೆ ಓದಿ ಹೇಳಲಿ, ಅವರು ಏನಂದರೂ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಲಿ.

ನಿಮ್ಮ ಮಗ