‘ಇನ್ನೊಂದ್ಸಲ’ ಅಂದಾಗ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಪಾಪು ಹತ್ತು ದಿನದಿಂದ ಕಾಗಕ್ಕ-ಗುಬ್ಬಕ್ಕನ ಕಥೆ ಬಿಟ್ಟು ಬೇರೇನೂ ಕೇಳುವುದಿಲ್ಲ, ಮುಗಿದ ಕೂಡಲೇ ‘ಇನ್ನೊಂದ್ಸಲ’ ಅನ್ನುತ್ತಾಳೆ, ಹೊಸ ಪುಸ್ತಕ ತಂದರೆ ಪಕ್ಕಕ್ಕೆ ತಳ್ಳುತ್ತಾಳೆ ಅಂತ ಬರೆದಿದ್ದೀಯ. ಅವಳ ಬುದ್ಧಿ ಅಲ್ಲೇ ನಿಂತುಬಿಟ್ಟಿದೆಯೇನೋ ಅಂತ ನಿನಗೆ ಭಯ. ನಿಂತಿಲ್ಲ ಪುಟ್ಟಿ. ಎರಡೂವರೆ ವರ್ಷದ ಮಗು ಕಲಿಯುವುದೇ ಹಾಗೆ.

ಆ ಕಥೆ ನಿನ್ನ ಕಿವಿಗೆ ಒಂದು ಸಲ ಬಿದ್ದರೆ ಸಾಕು, ಏಕೆಂದರೆ ಅದರ ಪದಗಳೆಲ್ಲ ನಿನಗೆ ಮೊದಲೇ ಗೊತ್ತು. ಅವಳಿಗೆ ಮೊದಲ ದಿನ ಯಾರು ಬಂದರು, ಯಾರು ಹೋದರು ಅನ್ನುವುದನ್ನು ಹಿಡಿಯುವುದರಲ್ಲೇ ಗಮನವೆಲ್ಲ ಖರ್ಚಾಗುತ್ತದೆ. ಅದು ಗಟ್ಟಿಯಾದ ಮೇಲೆ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ. ಆಮೇಲಷ್ಟೇ ‘ಕೊಚ್ಚಿಹೋಯ್ತು’, ‘ನೆನೆದು ಮುದ್ದೆಯಾದಳು’ ಅನ್ನುವಂಥ ಹೊಸ ಪದಗಳ ಕಡೆ ಕಿವಿ ಹೊರಳುತ್ತದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಜೆಸಿಕಾ ಹೋರ್ಸ್ಟ್ ಮತ್ತು ಸಂಗಡಿಗರು 2011ರಲ್ಲಿ ಮೂರು ವರ್ಷದ ಮಕ್ಕಳಲ್ಲಿ ಇದನ್ನು ಪರೀಕ್ಷಿಸಿದರು. ಒಂದು ಗುಂಪಿಗೆ ಅವೇ ಕಥೆಗಳನ್ನು ಮತ್ತೆ ಮತ್ತೆ ಓದಿದರು, ಇನ್ನೊಂದಕ್ಕೆ ಪ್ರತಿ ಸಲ ಬೇರೆ ಕಥೆ. ಹೊಸ ಪದಗಳು ಎರಡೂ ಗುಂಪಿಗೆ ಅಷ್ಟೇ ಸಲ ಕಿವಿಗೆ ಬಿದ್ದಿದ್ದವು. ಆದರೂ ಅವೇ ಕಥೆ ಕೇಳಿದ ಮಕ್ಕಳಲ್ಲೇ ಆ ಪದಗಳು ಚೆನ್ನಾಗಿ ಉಳಿದವು.

ನಮ್ಮ ಈ ಕಥೆಯ ಕಟ್ಟನ್ನೇ ನೋಡು. ಕಾಗಕ್ಕ ಬಂದು ‘ಗುಬ್ಬಕ್ಕಾ ಗುಬ್ಬಕ್ಕಾ, ಬಾಗಿಲು ತೆಗಿ’ ಅನ್ನುತ್ತಾಳೆ. ಒಳಗಿಂದ ‘ತಾಳು, ಮಗೂಗೆ ನೀರು ಹಾಕ್ತಿದೀನಿ.’ ಮತ್ತೆ ಅದೇ ಕರೆ. ‘ತಾಳು, ಮಗೂಗೆ ಅಂಗಿ ಹಾಕ್ತಿದೀನಿ.’ ಕರೆ ಬದಲಾಗುವುದಿಲ್ಲ, ಉತ್ತರದಲ್ಲಿ ಒಂದೇ ಒಂದು ಪದ ಬದಲು. ಗೊತ್ತಿರುವ ಮಾತಿನ ನಡುವೆ ಗೊತ್ತಿಲ್ಲದ್ದು ಒಂದೇ ಇದ್ದರೆ ಮಗುವಿನ ಲಕ್ಷ್ಯ ಪೂರ್ತಿ ಅದರ ಮೇಲೇ ಬೀಳುತ್ತದೆ. ಬಾಯಿಂದ ಬಾಯಿಗೆ ಬಂದ ಮಕ್ಕಳ ಕಥೆಗಳಲ್ಲಿ ಬಹಳಷ್ಟು ಹೀಗೇ ಇವೆ. ಇದಕ್ಕಿಂತ ಒಳ್ಳೆಯ ಪಾಠದ ಸಲಕರಣೆ ನೀನು ದುಡ್ಡು ಕೊಟ್ಟು ತರಲಾರೆ.

ಹೇಳುವಾಗ ಪದ ಬದಲಿಸಬೇಡ. ಇವತ್ತು ‘ಬಾಗಿಲು ತೆಗಿ’, ನಾಳೆ ‘ಕದ ತೆರೆ’ ಅಂದರೆ ಹಿಡಿತ ತಪ್ಪುತ್ತದೆ. ನಾಲ್ಕೈದು ರಾತ್ರಿ ಆದಮೇಲೆ ‘ಗುಬ್ಬಕ್ಕಾ ಗುಬ್ಬಕ್ಕಾ, ಬಾಗಿಲು...’ ಎಂದು ನಿಲ್ಲಿಸಿ ಮನಸ್ಸಿನಲ್ಲೇ ಐದು ಎಣಿಸು. ಈ ಐದು ಎಣಿಸುವುದೇ ಕಷ್ಟ. ದೊಡ್ಡವರಿಗೆ ಮೌನ ತಡೆಯದು, ನಾವೇ ಪೂರೈಸಿಬಿಡುತ್ತೇವೆ. ಮಗುವಿಗೆ ಆ ಪದವನ್ನು ಒಳಗಿಂದ ಹುಡುಕಿ ತರಲು ಅಷ್ಟು ಹೊತ್ತು ಬೇಕು, ಹಾಗೆ ಹುಡುಕಿ ತಂದ ಪದವೇ ನೆನಪಿನಲ್ಲಿ ಕೂರುವುದು. ಇನ್ನೊಂದು ವಾರಕ್ಕೆ ಇಡೀ ಸಾಲು ಅವಳ ಬಾಯಲ್ಲಿ ಬರುತ್ತದೆ. ಆಗ ಒಂದು ಪ್ರಶ್ನೆ ಸೇರಿಸು: ‘ಕಾಗಕ್ಕನ ಮನೆ ಯಾಕೆ ಕೊಚ್ಚಿಹೋಯ್ತು?’ ಒಂದು ರಾತ್ರಿಗೆ ಒಂದೇ ಪ್ರಶ್ನೆ. ಹೊಸ ಪುಸ್ತಕವನ್ನು ಹಳೆಯ ಕಥೆಯ ಜಾಗಕ್ಕೆ ತರಬೇಡ, ಅದಕ್ಕೆ ಮುಂಚೆ ಇಡು. ಮೊದಲು ಹೊಸದರ ಎರಡು ಪುಟ, ಆಮೇಲೆ ಅವಳ ಕಥೆ, ಆಮೇಲೆ ನಿದ್ದೆ. ಕೇಳಿದ್ದು ನೆಲೆಯೂರಲು ನಿದ್ದೆಯ ಸಹಾಯ ದೊಡ್ಡದು.

ಕಥೆಯಷ್ಟೇ ಅಲ್ಲ, ಮಾತು ಹುಟ್ಟುವುದೇ ಹೀಗೆ. ಮಾತಿನ ಹರಿವಿನಲ್ಲಿ ಪದಗಳ ನಡುವೆ ಗೆರೆ ಎಳೆದಿರುವುದಿಲ್ಲವಲ್ಲ. ಯಾವ ಉಚ್ಚಾರ ಯಾವುದರ ಜೊತೆ ಪದೇಪದೇ ಬರುತ್ತದೆ ಎಂಬುದರಿಂದಲೇ ಪದದ ಅಂಚು ಎಲ್ಲಿದೆ ಎಂದು ಎಂಟು ತಿಂಗಳ ಕೂಸುಗಳೂ ಗುರುತಿಸಬಲ್ಲವು ಎಂದು 1996ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ನಮ್ಮ ಕನ್ನಡದಲ್ಲಿ ಮಗುವಿಗೆ ಇನ್ನೂ ಒಂದು ಕೆಲಸ ಹೆಚ್ಚು, ಪ್ರತ್ಯಯಗಳನ್ನು ಬಿಡಿಸಿಕೊಳ್ಳಬೇಕು. ಸ್ನಾನದ ಹೊತ್ತಿಗೆ ‘ಚೊಂಬಲ್ಲಿ ನೀರಿದೆ, ಚೊಂಬಿಂದ ಹುಯ್ಯೋಣ, ಚೊಂಬಿಗೆ ತುಂಬೋಣ’ ಅಂತ ದಿನಾ ಅದೇ ಕ್ರಮದಲ್ಲಿ ಹೇಳು. ಅದೇ ಚೊಂಬು, ಬಾಲ ಮಾತ್ರ ಬೇರೆ. ಕೈಯಲ್ಲಿ ಚೊಂಬು ಇರುವಾಗಲೇ ಇದು ನಡೆಯುವುದರಿಂದ ಅರ್ಥ ಬೇರೆಯಾಗಿ ಹೇಳಿಕೊಡಬೇಕಿಲ್ಲ.

ಪುನರಾವರ್ತನೆಯೇ ಬೇಕಾದರೆ ಮೊಬೈಲಿನಲ್ಲಿ ಅದೇ ಹಾಡು ಇಪ್ಪತ್ತು ಸಲ ಬರುತ್ತದಲ್ಲ, ಸಾಲದೇ ಅಂತ ಕೇಳಿದ್ದೀಯ. ಸಾಲದು. ಪೆಟ್ರಿಷಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ 12 ಸಲ ಚೀನೀ ಮ್ಯಾಂಡರಿನ್ ಮಾತು ಕೇಳಿಸಿದರು. ಎದುರು ಕೂತು ಆಡಿಸಿದವರಿಂದ ಕೂಸುಗಳು ಆ ಭಾಷೆಯ ಧ್ವನಿಭೇದ ಕಲಿತವು, ಅದೇ ಮಾತು ಪರದೆಯ ಮೇಲೆ ಬಂದಾಗ ಕಲಿಯಲಿಲ್ಲ. ಪರದೆ ಅವಳಿಗಾಗಿ ನಿಲ್ಲುವುದಿಲ್ಲ, ಅವಳ ಮುಖ ನೋಡುವುದಿಲ್ಲ, ಐದು ಎಣಿಸುವುದಿಲ್ಲ.

ಇನ್ನು ಎಣಿಕೆ. ಪಾಪು ಹತ್ತರವರೆಗೆ ಹೇಳುತ್ತಾಳೆ ಎಂದು ಹಿಗ್ಗಿದ್ದೀಯ, ಹಿಗ್ಗಬೇಕಾದ್ದೇ. ಆದರೆ ಅದು ಸದ್ಯಕ್ಕೆ ಹಾಡು. ‘ಮೂರು ಚಮಚ ಕೊಡು’ ಅಂದು ನೋಡು, ಮುಷ್ಟಿ ತುಂಬ ತಂದುಕೊಟ್ಟಾಳು. ಮಕ್ಕಳಿಗೆ ಮೊದಲು ‘ಒಂದು’ ಮಾತ್ರ ಅರ್ಥವಾಗುತ್ತದೆ, ತಿಂಗಳುಗಳಾದ ಮೇಲೆ ‘ಎರಡು’, ಮತ್ತೆ ತಿಂಗಳುಗಳಾದ ಮೇಲೆ ‘ಮೂರು’. ಎಣಿಸುವಾಗ ಕೊನೆಗೆ ಬಂದ ಸಂಖ್ಯೆಯೇ ಒಟ್ಟು ಎಷ್ಟೆಂಬುದನ್ನು ಹೇಳುತ್ತದೆ ಎಂದು ಹೊಳೆಯುವುದು ಸಾಮಾನ್ಯವಾಗಿ ಮೂರೂವರೆ, ನಾಲ್ಕು ವರ್ಷದ ಹೊತ್ತಿಗೆ. ಆದ್ದರಿಂದ ನೂರರತ್ತ ಎಳೆಯಬೇಡ. ತಿಂಡಿ ಹೊತ್ತಿಗೆ ‘ಅಪ್ಪನಿಗೆ ಎರಡು ಚಮಚ ಕೊಡು’ ಅನ್ನು. ಮುಷ್ಟಿ ತುಂಬ ತಂದರೆ ‘ತಪ್ಪು’ ಅನ್ನದೆ ಅವಳ ಕೈಯಿಂದಲೇ ಒಂದೊಂದಾಗಿ ಇಡಿಸು: ‘ಒಂದು, ಎರಡು. ಎರಡು ಚಮಚ!’ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಎರಡೆರಡು ನಿಮಿಷ. ಭಾನುವಾರ ಅರ್ಧ ಗಂಟೆ ಕೂರಿಸುವುದಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಸ್ವಲ್ಪ ಮರೆತು ಮತ್ತೆ ನೆನೆಸಿಕೊಳ್ಳುವಾಗಲೇ ಕಲಿತದ್ದು ಬಲಿಯುವುದು. ಅಳಗುಳಿ ಮಣೆ ಅವಳಿಗೆ ಐದಾದ ಮೇಲೆ ತೆಗೆ. 14 ಗುಳಿಗೆ ಒಂದೊಂದೇ ಕಾಯಿ ಹಾಕುತ್ತ ಹೋಗುವುದಕ್ಕಿಂತ ಒಳ್ಳೆಯ ಎಣಿಕೆಯ ಅಭ್ಯಾಸ ಇಲ್ಲ. ಈಗ ಮಾತ್ರ ಹುಣಿಸೆ ಬೀಜ, ಕವಡೆ ಯಾವುದೂ ಅವಳ ಕೈಗೆ ಸಿಗಕೂಡದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಅಕ್ಷರದ ವಿಷಯಕ್ಕೆ ನೀನು ಅವಸರ ಮಾಡುತ್ತೀಯೆಂಬ ಗುಮಾನಿ ನನಗಿದೆ. 34 ವ್ಯಂಜನಕ್ಕೆ ಸ್ವರಗಳು ಕೂಡಿದರೇ ಗುಣಿತಾಕ್ಷರ ನಾನೂರು ದಾಟುತ್ತವೆ, ಒತ್ತಕ್ಷರ ಬೇರೆ. ಕನ್ನಡ ಓದಲು ಕಲಿಯುವ ಮಕ್ಕಳನ್ನು ಅಭ್ಯಾಸ ಮಾಡಿದ ಸೋನಾಲಿ ನಾಗ್ 2007ರಲ್ಲಿ ಬರೆದಂತೆ, ಈ ಕಲಿಕೆ ಒಂದನೇ ತರಗತಿಗೆ ಮುಗಿಯುವುದಿಲ್ಲ, ಇನ್ನೂ ಕೆಲವು ವರ್ಷ ಸಾಗುತ್ತದೆ. ಹಾಗಾಗಿ ಈಗ ಸ್ಲೇಟು ಬೇಡ. ಕಾಲ ಬಂದಾಗ ಪುಟಗಟ್ಟಲೆ ‘ಅ’ ಬರೆಸಬೇಡ. ಮಗು ಮೇಲ್ಪಂಕ್ತಿ ನೋಡಿ ಬರೆಯುವುದು ಮೊದಲ ಒಂದೆರಡು ಸಾಲು ಮಾತ್ರ, ಆಮೇಲೆ ತಾನೇ ಬರೆದ ಹಿಂದಿನ ಸಾಲನ್ನು ನೋಡುತ್ತದೆ. ಮೂರನೇ ಸಾಲಲ್ಲಿ ಸೊಟ್ಟಗಾದದ್ದು ಹತ್ತನೇ ಸಾಲಿಗೆ ಅಭ್ಯಾಸವಾಗಿಬಿಡುತ್ತದೆ. ತಟ್ಟೆಯ ಮರಳಿನಲ್ಲಿ ಬೆರಳಿಂದ ದೊಡ್ಡದಾಗಿ ನಾಲ್ಕು ಸಲ, ಅಷ್ಟು ಸಾಕು. ಮರುದಿನ ಮತ್ತೆ ನಾಲ್ಕು. ಥ, ದ, ಧ ಒಂದೇ ದಿನ ಬೇಡ, ಒಂದು ಗಟ್ಟಿಯಾಗುವ ಮುಂಚೆ ಅದರಂತೆಯೇ ಕಾಣುವ ಇನ್ನೊಂದು ಬಂದರೆ ಎರಡೂ ಕಲಸಿಹೋಗುತ್ತವೆ.

ನಮ್ಮ ಸರ್ಕಾರಿ ಶಾಲೆಗಳ ನಲಿಕಲಿಯಲ್ಲಿ ರ, ಗ, ಸ, ದ, ಅ ಎಂದು ಶುರುಮಾಡುವುದನ್ನು ನೋಡಿ ವರ್ಣಮಾಲೆಯನ್ನೇ ಕೆಡಿಸಿದರು ಅನ್ನುವವರಿದ್ದಾರೆ. ಆ ಐದರಲ್ಲೇ ಸರ, ರಸ, ಅರಸ, ಅಗಸ, ದಸರ, ಗರಗಸ ಎಲ್ಲ ಆಗುತ್ತವೆ, ಎಣಿಸಿ ನೋಡು. ಐದೇ ಅಕ್ಷರ ಬೇರೆ ಬೇರೆ ಜಾಗದಲ್ಲಿ, ಪ್ರತಿ ಸಲವೂ ಒಂದು ಅರ್ಥದೊಡನೆ ಕಣ್ಣಿಗೆ ಬೀಳುತ್ತವೆ. ಉರು ಹೊಡೆಸುವುದಕ್ಕೂ ಇದಕ್ಕೂ ಇರುವ ಅಂತರ ಇದೇ. ಉರುವಿನಲ್ಲಿ ಮಗುವಿನ ಬಾಯಿ ಮಾತ್ರ ಕೆಲಸ ಮಾಡುತ್ತದೆ, ಇಲ್ಲಿ ಪ್ರತಿ ಸಲ ಅದು ಏನನ್ನೋ ಗುರುತಿಸಬೇಕು.

ಯಾವಾಗ ಮುಂದಕ್ಕೆ ಹೋಗಬೇಕೆಂದು ಅವಳೇ ತೋರಿಸುತ್ತಾಳೆ. ಕಣ್ಣು ಅತ್ತಿತ್ತ ಹೋಗುತ್ತದೆ, ಇಲ್ಲವೇ ಕಥೆಯನ್ನು ಬೇಕೆಂದೇ ತಲೆಕೆಳಗು ಮಾಡಿ ‘ಕಾಗಕ್ಕಾ ಕಾಗಕ್ಕಾ, ಬಾಗಿಲು ತೆಗಿ’ ಎಂದು ನಗುತ್ತಾಳೆ. ಆಗ ಇನ್ನೊಂದು ಕಥೆ ಹಿಡಿ. ಹಿಡಿದ ಕೆಲಸದಲ್ಲಿ ಅವಳು ಮುಳುಗಿದ್ದಾಗ, ಡಬ್ಬಿಯ ಮುಚ್ಚಳವನ್ನು ಹತ್ತನೇ ಸಲ ತೆಗೆದು ಹಾಕುತ್ತಿದ್ದರೂ, ‘ಶಾಭಾಷ್’ ಎಂದು ಕೂಗಿ ಕೂಡ ಎಬ್ಬಿಸಬೇಡ.

ಒಂದು ಮಾತು ನಿನಗಲ್ಲ, ನಿನ್ನ ಗೆಳತಿಯರಿಗಾದರೂ ಹೇಳು. ಎರಡು ವರ್ಷ ತುಂಬಿದರೂ ಎರಡು ಪದ ಕೂಡಿಸಿ ಮಾತಾಡದೆ, ಹೆಸರು ಕೂಗಿದರೆ ತಿರುಗದೆ, ಗಂಟೆಗಟ್ಟಲೆ ವಸ್ತುಗಳನ್ನು ಸಾಲಾಗಿ ಜೋಡಿಸುವುದರಲ್ಲೇ ಇರುವ ಮಗುವನ್ನು ‘ದೊಡ್ಡವಾದಮೇಲೆ ಸರಿಹೋಗುತ್ತೆ’ ಎಂದು ಬಿಡಬಾರದು. ಮಕ್ಕಳ ಡಾಕ್ಟರಿಗೆ ತೋರಿಸಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ಪರೀಕ್ಷಿಸುತ್ತಾರೆ.

ಕೊನೆಗೆ ಒಂದು ಸಣ್ಣ ಕೆಲಸ. ನಿಮ್ಮ ಅತ್ತೆಯವರು ಹೇಳುವಾಗ ಕಾಗಕ್ಕನ ಮನೆ ಸಗಣಿಯದು, ನೀನು ಹೇಳುವಾಗ ಮಣ್ಣಿನದು ಅಂತ ಕೇಳಿದೆ. ಇಬ್ಬರೂ ಕೂತು ಒಂದನ್ನು ಗೊತ್ತುಮಾಡಿಕೊಳ್ಳಿ. ಅತ್ತೆಯವರದ್ದನ್ನೇ ಇಟ್ಟುಕೋ, ಅವರಿಗೂ ಸಂತೋಷವಾಗುತ್ತದೆ. ಗುಬ್ಬಕ್ಕನ ಉತ್ತರಗಳನ್ನು ಕ್ರಮವಾಗಿ ಒಂದು ಚೀಟಿಯಲ್ಲಿ ಬರೆದು ಹಾಸಿಗೆ ಪಕ್ಕ ಅಂಟಿಸು. ಅಪ್ಪ ಮಲಗಿಸುವ ರಾತ್ರಿಯೂ ಅದೇ ಮಾತು ಬರಲಿ.

ಪಾಪುವಿಗೆ ಮುತ್ತು.

ಇಂತಿ ನಿನ್ನ
ದೊಡ್ಡಮ್ಮ