ನೀರಿನ ಲೆಕ್ಕ ಹಿಂದಿನ ದಿನವೇ ಮುಗಿಯಲಿ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಸಕಲೇಶಪುರದ ಕೆಲಸದಲ್ಲಿ ಮೇಸ್ತ್ರಿ ಕಾಂಕ್ರೀಟಿಗೆ ಇನ್ನೊಂದು ಬಕೆಟ್ ನೀರು ಬೇಕೆನ್ನುತ್ತಾರೆ, ನೀನು ಬೇಡವೆನ್ನುತ್ತೀಯ, ದಿನವೂ ಇದೇ ಜಗಳ ಎಂದು ಬರೆದಿದ್ದೀಯ. ಮಿಕ್ಸರ್ ತಿರುಗಲು ಶುರುವಾದ ಮೇಲೆ ವಾದಕ್ಕಿಳಿದರೆ ಗೆಲ್ಲುವುದು ಮೇಸ್ತ್ರಿಯೇ. ಅವರಿಗೆ ಅನುಭವವಿದೆ, ಗಂಟಲೂ ದೊಡ್ಡದು. ಲೆಕ್ಕವನ್ನು ಹಿಂದಿನ ದಿನವೇ ಮುಗಿಸಿಕೋ.

ಕಾಂಕ್ರೀಟ್ ಮಿಶ್ರಣದ ಲೆಕ್ಕ ಹೇಳುವ ಭಾರತೀಯ ಮಾನಕ ಐಎಸ್ 10262ರ 2019ರ ಆವೃತ್ತಿ ನಿನ್ನ ಬಳಿ ಇದ್ದೇ ಇರುತ್ತದೆ. 20 ಎಂಎಂ ಮೂಲೆಮೂಲೆಯಾದ ಜಲ್ಲಿ, 50 ಎಂಎಂ ಸ್ಲಂಪ್ (ಅಚ್ಚು ಎತ್ತಿದಾಗ ಹಸಿ ಕಾಂಕ್ರೀಟ್ ಕುಸಿಯುವ ಅಳತೆ) ಎಂದರೆ ಘನ ಮೀಟರ್ ಕಾಂಕ್ರೀಟಿಗೆ 186 ಲೀಟರ್ ನೀರು. ಸ್ಲಂಪ್ 25 ಎಂಎಂ ಏರಿದಾಗಲೆಲ್ಲ ಸುಮಾರು ಶೇ. 3 ಸೇರಿಸು, 100 ಎಂಎಂಗೆ 197 ಲೀಟರ್ ಆಗುತ್ತದೆ. ನೀರು–ಸಿಮೆಂಟ್ ಅನುಪಾತ 0.5 ಇಟ್ಟುಕೊಂಡರೆ ಸಿಮೆಂಟು 394 ಕೆಜಿ, ಅಂದರೆ 50 ಕೆಜಿಯ ಹೆಚ್ಚುಕಡಿಮೆ ಎಂಟು ಚೀಲ. ಚೀಲಕ್ಕೆ 25 ಲೀಟರ್ ನೀರು. ಜಲ್ಲಿ 10 ಎಂಎಂ ಆದರೆ 186ರ ಜಾಗದಲ್ಲಿ 208 ಬರುತ್ತದೆ, ಏಕೆಂದರೆ ಕಲ್ಲು ಸಣ್ಣದಾದಷ್ಟೂ ಒದ್ದೆಯಾಗಬೇಕಾದ ಮೈ ಹೆಚ್ಚು.

ಇಷ್ಟು ನಿನಗೆ ಕಾಲೇಜಿನಲ್ಲೇ ಹೇಳಿಕೊಟ್ಟಿರುತ್ತಾರೆ. ಎಡವಟ್ಟಾಗುವುದು ಮುಂದೆ. ಆ 25 ಲೀಟರ್, ಒಳಗೆ ಸಾಕಷ್ಟು ನೀರು ಕುಡಿದು ಮೈ ಮಾತ್ರ ಒಣಗಿರುವ ಮರಳು ಮತ್ತು ಜಲ್ಲಿಗೆ ಹೇಳಿದ್ದು. ನಿಮ್ಮೂರಿನ ಮಳೆಗಾಲದಲ್ಲಿ ಅಂಥ ಮರಳು ಎಲ್ಲಿ ಸಿಗಬೇಕು? ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ರಾಶಿಯ ಮೇಲ್ಭಾಗವನ್ನು ಬಿಟ್ಟು, ಒಳಗಿನಿಂದ ಒಂದು ಕೆಜಿ ಮರಳು ತೆಗೆದು ಬಾಣಲೆಗೆ ಹಾಕಿ, ರವೆ ಹುರಿದಂತೆ ಕೈ ಬಿಡದೆ ಹುರಿ. ಉದುರುದುರಾಗಿ, ತೂಕ ಇಳಿಯುವುದು ನಿಂತ ಮೇಲೆ ಆರಿಸಿ ತೂಗು. 940 ಗ್ರಾಂ ಉಳಿದರೆ, ಒಣ ತೂಕದ ಮೇಲೆ ತೇವ ಶೇ. 6.4. ಆ ಮರಳು ಒಳಗೆ ಹೀರುವುದು ಶೇ. 1.4 ಎಂದು ಲ್ಯಾಬ್ ವರದಿ ಹೇಳಿದ್ದರೆ, ಮೈ ಮೇಲಿನ ನೀರು ಶೇ. 5. ಚೀಲಕ್ಕೆ 90 ಕೆಜಿ ಮರಳಾದರೆ ನಾಲ್ಕೂವರೆ ಲೀಟರ್ ನೀರು ಆಗಲೇ ಮಿಕ್ಸರಿಗೆ ಬಿದ್ದಾಯಿತು! ಹೊರಗಿನಿಂದ ಇಪ್ಪತ್ತೂವರೆ ಹಾಕು, ಮರಳಿನ ತೂಕವನ್ನು ನಾಲ್ಕೂವರೆ ಕೆಜಿ ಏರಿಸು. ಒದ್ದೆ ಜಲ್ಲಿಗೂ ಇದೇ ಕ್ರಮ. ಬಿಸಿಲಿಗೆ ಕಾದ ಒಣ ಜಲ್ಲಿಯಾದರೆ ತದ್ವಿರುದ್ಧ: ಅದು ಕುಡಿಯುವಷ್ಟನ್ನು ನೀನೇ ಕೂಡಿಸಬೇಕು. ಮಧ್ಯಾಹ್ನ ಮಳೆ ಸುರಿದರೆ ಮತ್ತೆ ಹುರಿ, ಬೇಸರಪಡಬೇಡ.

ಈ ತೇವವನ್ನು ಮರೆತು ಪೂರ್ತಿ 25 ಸುರಿದರೆ ಅನುಪಾತ 0.6ರ ಹತ್ತಿರ ಹೋಗುತ್ತದೆ, ಬಲದಲ್ಲಿ ಐದರಲ್ಲೊಂದು ಪಾಲಿನಷ್ಟು ಸೋರಿಹೋಗಬಹುದು. ಸೆಂಟ್ರಿಂಗ್ ಬಿಚ್ಚಿದಾಗ ಕಣ್ಣಿಗೆ ಏನೂ ಕಾಣಿಸುವುದಿಲ್ಲ.

ಮೇಸ್ತ್ರಿ ಕೇಳುವುದರಲ್ಲೂ ನ್ಯಾಯವಿದೆ. ಕಂಬಿ ದಟ್ಟವಾಗಿರುವ ಕಾಲಮ್ಮಿನೊಳಗೆ ಗಟ್ಟಿ ಕಾಂಕ್ರೀಟ್ ಇಳಿಯುವುದಿಲ್ಲ. ಹಟಕ್ಕೆ ಬಿದ್ದು ಅದನ್ನೇ ತುಂಬಿಸಿದರೆ ಒಳಗೆ ಪೊಳ್ಳು ಉಳಿದು ಜೇನುಗೂಡಿನಂತಾಗುತ್ತದೆ. ಬೇಡ ಎಂದಷ್ಟೇ ಹೇಳಿ ಬರಬೇಡ. ನೀರು ಹೆಚ್ಚಿಸದೆಯೇ ಕಾಂಕ್ರೀಟನ್ನು ಸಡಿಲವಾಗಿಸುವ ಸೂಪರ್‌ಪ್ಲಾಸ್ಟಿಸೈಸರ್ ಎಂಬ ರಾಸಾಯನಿಕ ತರಿಸಿ, ಸಣ್ಣ ಪ್ರಮಾಣದಲ್ಲಿ ಕಲಸಿ ಸ್ಲಂಪ್ ನೋಡಿ, ಎಷ್ಟು ಬೇಕೆಂದು ನಿಗದಿಮಾಡು. ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರಿನ ಸೂಜಿ ಸರಿಯಾಗಿದೆಯೇ ಎಂದೂ ನೋಡಿಕೋ. ಅದು ಕೈಕೊಟ್ಟಾಗಲೇ ನೀರಿನ ಕೂಗು ಜೋರಾಗುವುದು. ಮಿಕ್ಸರಿನ ಪಕ್ಕ ಲೀಟರಿನ ಗೆರೆ ಬರೆದ ಬಕೆಟ್ ಒಂದನ್ನೇ ಇಡು, ಪೈಪನ್ನು ಅಲ್ಲಿಂದ ಎತ್ತಿಸಿಬಿಡು.

ಬಲ ಪರೀಕ್ಷಿಸಲು ಎರಕ ಹೊಯ್ದ ಏಳು ದಿನದ ಕಾಂಕ್ರೀಟ್ ಕ್ಯೂಬ್ ಒಡೆಸಿದ ಮೇಲೆ ಅಂಕಿಗಳನ್ನು ಕಳಿಸು, ಆ ದಿನದ ಮರಳಿನ ತೇವವನ್ನೂ ಜೊತೆಗೆ ಬರೆ. ನಿನ್ನ ದೊಡ್ಡಮ್ಮ ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ, ಬರುವವರ ಕೈಯಲ್ಲಿ ಕಳಿಸುತ್ತೇವೆ.

ಇತಿ,
ನಿನ್ನ ದೊಡ್ಡಪ್ಪ